ಸುಂಕ ಹೋದರೆ ಸಣ್ಣ ಉದ್ದಿಮೆಗೆ ನಿಜವಾಗಿ ಸಿಗುವುದೇನು?

ಪ್ರಶ್ನೆ: ಮೂವತ್ತು ಜನ ಕೆಲಸ ಮಾಡುವ ಒಂದು ತಯಾರಿಕಾ ಘಟಕ ನನ್ನದು. ನೆರೆಯ ದೇಶಗಳ ಜೊತೆ ವ್ಯಾಪಾರ ಒಪ್ಪಂದ ಆಗುತ್ತದೆ, ಸುಂಕ ಹೋಗುತ್ತದೆ ಎಂಬ ಮಾತು ಕೇಳುತ್ತಿದ್ದೇನೆ. ಮಾರುಕಟ್ಟೆ ದೊಡ್ಡದಾಗುತ್ತದೆ, ಎಲ್ಲರಿಗೂ ಲಾಭ ಎಂದು ಕೆಲವರು ಹೇಳುತ್ತಾರೆ. ದೊಡ್ಡ ಕಂಪನಿಗಳು ನುಗ್ಗಿ ನಮ್ಮಂಥವರನ್ನು ಮುಗಿಸುತ್ತವೆ ಎಂದು ಇನ್ನು ಕೆಲವರು. ಇಂಥ ಒಪ್ಪಂದ ಆದ ಕಡೆಗಳಲ್ಲಿ ಸಣ್ಣ, ಮಧ್ಯಮ ಉದ್ದಿಮೆಗಳಿಗೆ ಏನಾಯಿತು? ನಾನು ಏನು ನೋಡಿಕೊಳ್ಳಬೇಕು?

ಉತ್ತರ: ನೀವು ಕೇಳಿದ ಎರಡೂ ಮಾತುಗಳಲ್ಲಿ ಸತ್ಯ ಇದೆ. ಆದರೆ ಇಬ್ಬರೂ ಸುಂಕದ ಬಗ್ಗೆಯೇ ಮಾತಾಡುತ್ತಿದ್ದಾರೆ. ಸಣ್ಣ ಉದ್ದಿಮೆಯ ಮಟ್ಟಿಗೆ ಸುಂಕ ಎರಡನೆಯ ಪ್ರಶ್ನೆ. ಒಂದು ಪೆಟ್ಟಿಗೆ ಕಳಿಸಿದರೂ, ಒಂದು ಕಂಟೇನರ್ ಕಳಿಸಿದರೂ ಅಷ್ಟೇ ಬೀಳುವ ಖರ್ಚುಗಳು ಇರುತ್ತವಲ್ಲ, ಮೊದಲು ನೋಡಬೇಕಾದ್ದು ಅವನ್ನು. ಕಾಗದಪತ್ರ, ಪರೀಕ್ಷೆಯ ವರದಿ, ತೆರಿಗೆ ನೋಂದಣಿ, ಬ್ಯಾಂಕಿನ ಶುಲ್ಕ. ಒಪ್ಪಂದ ಇವುಗಳನ್ನು ಇಳಿಸಿದರೆ ಸಣ್ಣವರಿಗೆ ಬಾಗಿಲು ತೆರೆಯುತ್ತದೆ. ಬರೀ ಸುಂಕ ಇಳಿಸಿ ಇವನ್ನು ಹಾಗೇ ಬಿಟ್ಟರೆ, ಅದರ ಲಾಭ ದೊಡ್ಡವರ ಲೆಕ್ಕಕ್ಕೇ ಹೋಗುತ್ತದೆ. ಎಷ್ಟೋ ಒಪ್ಪಂದಗಳನ್ನು ಓದಿದ ಮೇಲೂ ನನ್ನ ಈ ಅಭಿಪ್ರಾಯ ಬದಲಾಗಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ನಿಮ್ಮ ಸರಕಿನ ಬೆಲೆ 2,000 ಎಂದಿಟ್ಟುಕೊಳ್ಳಿ, ಯಾವ ನಾಣ್ಯವಾದರೂ ಸರಿ. ಸುಂಕ ಶೇ 5 ಇತ್ತು, ಒಪ್ಪಂದದಿಂದ ಸೊನ್ನೆ ಆಯಿತು. ಉಳಿತಾಯ 100. ಆದರೆ ಆ ರಿಯಾಯಿತಿ ಪಡೆಯಲು ‘ಈ ಸರಕು ನಮ್ಮ ಪ್ರದೇಶದಲ್ಲೇ ತಯಾರಾದದ್ದು’ ಎಂಬ ಪ್ರಮಾಣಪತ್ರ ಬೇಕು. ಅದರ ಶುಲ್ಕ, ಏಜೆಂಟನ ಹಣ, ಓಡಾಟ ಸೇರಿ 150 ಖರ್ಚಾದರೆ 50 ನಷ್ಟ. ಅದೇ ದೊಡ್ಡ ಕಂಪನಿಯ ಸರಕು 2,00,000ದ್ದು. ಅವರಿಗೆ ಉಳಿಯುವುದು 10,000, ಕಾಗದದ ಖರ್ಚು ಮಾತ್ರ ಅದೇ 150. ಇಬ್ಬರಿಗೂ ಒಪ್ಪಂದ ಒಂದೇ, ಸುಂಕದ ದರವೂ ಒಂದೇ. ಒಬ್ಬರಿಗೆ ಮಾತ್ರ ಅದು ಉಪಯೋಗಕ್ಕೆ ಬಂತು. ಎಷ್ಟೋ ಸಣ್ಣ ರಫ್ತುದಾರರು ರಿಯಾಯಿತಿ ಇದ್ದರೂ ಕೇಳದೆ ಪೂರ್ತಿ ಸುಂಕ ಕಟ್ಟಿ ಸುಮ್ಮನಾಗುವುದು ಇದೇ ಕಾರಣಕ್ಕೆ. ಅದು ತಿಳಿಯದೆ ಮಾಡುವ ತಪ್ಪಲ್ಲ, ಲೆಕ್ಕ ಹಾಕಿಯೇ ಮಾಡುವುದು.

ಇಲ್ಲಿ ಒಪ್ಪಂದದ ಬಗೆಯೂ ಮುಖ್ಯ. ಎಲ್ಲವನ್ನೂ ‘ವ್ಯಾಪಾರ ಒಪ್ಪಂದ’ ಎಂದೇ ಕರೆಯುತ್ತೇವೆ, ಆದರೆ ಆಳ ಬೇರೆ ಬೇರೆ. ಮುಕ್ತ ವ್ಯಾಪಾರ ವಲಯದಲ್ಲಿ ಸದಸ್ಯ ದೇಶಗಳು ತಮ್ಮೊಳಗೆ ಸುಂಕ ತೆಗೆಯುತ್ತವೆ, ಹೊರಗಿನವರಿಗೆ ತಮ್ಮ ತಮ್ಮ ಸುಂಕ ಇಟ್ಟುಕೊಳ್ಳುತ್ತವೆ. ಸುಂಕ ಒಕ್ಕೂಟದಲ್ಲಿ ಹೊರಗಿನವರಿಗೂ ಎಲ್ಲರದ್ದೂ ಒಂದೇ ಸುಂಕ. ಸಾಮಾನ್ಯ ಮಾರುಕಟ್ಟೆಯಲ್ಲಿ ಸರಕಿನ ಜೊತೆ ಜನ, ಬಂಡವಾಳ, ಸೇವೆಗಳೂ ಓಡಾಡುತ್ತವೆ. ಅದಕ್ಕೂ ಮುಂದೆ ಹೋದರೆ ಒಂದೇ ನಾಣ್ಯ. 1957ರ ರೋಮ್ ಒಪ್ಪಂದದಿಂದ ಹೊರಟ ಯುರೋಪು 1968ರಲ್ಲಿ ಸುಂಕ ಒಕ್ಕೂಟ ಮುಗಿಸಿತು, 1993ರಲ್ಲಿ ಏಕ ಮಾರುಕಟ್ಟೆ ತೆರೆಯಿತು, 1999ರಲ್ಲಿ ಯೂರೋ ತಂದಿತು. ಒಂದೊಂದು ಮೆಟ್ಟಿಲಿಗೂ ವರ್ಷಗಟ್ಟಲೆ ಹಿಡಿಯಿತು.

ಮುಕ್ತ ವ್ಯಾಪಾರ ವಲಯದಲ್ಲಿ ಸಣ್ಣವರನ್ನು ಜಾಸ್ತಿ ಕಾಡುವುದು ‘ಮೂಲದ ನಿಯಮ’. ಹೊರಗಿನ ದೇಶದ ಸರಕು ಕಡಿಮೆ ಸುಂಕದ ಸದಸ್ಯ ದೇಶಕ್ಕೆ ಬಂದು, ಅಲ್ಲಿಂದ ಸೊನ್ನೆ ಸುಂಕದಲ್ಲಿ ಇನ್ನೊಂದಕ್ಕೆ ನುಸುಳಬಾರದು. ಅದಕ್ಕೇ ಈ ನಿಯಮ, ಉದ್ದೇಶ ಸರಿಯಾಗಿಯೇ ಇದೆ. ಆದರೆ ಅದನ್ನು ಸಾಬೀತು ಮಾಡುವ ಹೊರೆ ತಯಾರಕನ ಮೇಲೆ. ಆಗ್ನೇಯ ಏಷ್ಯಾದ ಆಸಿಯಾನ್ ದೇಶಗಳ ಸರಕು ಒಪ್ಪಂದದಲ್ಲಿ ಸಾಮಾನ್ಯವಾಗಿ ಬೆಲೆಯ ಶೇ 40 ಭಾಗ ಆ ಪ್ರದೇಶದೊಳಗೆ ಹುಟ್ಟಿರಬೇಕು, ಇಲ್ಲವೇ ಬಳಸಿದ ಮಾಲು ಬೇರೆ ಸುಂಕದ ವರ್ಗಕ್ಕೆ ಸೇರುವಷ್ಟು ಬದಲಾಗಿರಬೇಕು. ಅಮೆರಿಕ, ಮೆಕ್ಸಿಕೊ, ಕೆನಡಾ ಒಪ್ಪಂದದಲ್ಲಿ ಕಾರುಗಳಿಗೆ ಈ ಪಾಲು ಹಿಂದೆ ಶೇ 62.5 ಇತ್ತು. 2020ರಲ್ಲಿ ಹೊಸ ಒಪ್ಪಂದ ಜಾರಿಗೆ ಬಂದು ಅದು ಹಂತ ಹಂತವಾಗಿ ಶೇ 75ಕ್ಕೆ ಏರಿತು. ಅದೇ ಮೂರು ದೇಶಗಳ ನಡುವೆ ಸಿದ್ಧ ಉಡುಪುಗಳಿಗೆ ಬಹುಮಟ್ಟಿಗೆ ‘ನೂಲಿನಿಂದ ಮುಂದೆ’ ಎಂಬ ನಿಯಮ. ಬಟ್ಟೆ ಹೊಲಿದರೆ ಸಾಲದು, ನೂಲೂ ಒಳಗಿನದೇ ಆಗಿರಬೇಕು. ಕಾರು ಕಂಪನಿಗೆ ಇದನ್ನೆಲ್ಲ ಲೆಕ್ಕ ಇಡಲು ಒಂದು ವಿಭಾಗವೇ ಇರುತ್ತದೆ. ಅದಕ್ಕೆ ಬಿಡಿಭಾಗ ಕೊಡುವ ಮೂವತ್ತು ಜನರ ಘಟಕಕ್ಕೆ? ಮಾಲೀಕರೇ ರಾತ್ರಿ ಕೂತು ಬರೆಯಬೇಕು.

ಸುಂಕ ಸೊನ್ನೆ ಇದ್ದರೂ ಕಾಗದ ಏನು ಮಾಡಬಲ್ಲದು ಎಂಬುದನ್ನು ಬ್ರಿಟನ್ ಜಗತ್ತಿಗೇ ತೋರಿಸಿತು. ಸಾಮಾನ್ಯವಾಗಿ ದೇಶಗಳು ಒಂದಾಗುವುದನ್ನು ನೋಡಿ ಪಾಠ ಕಲಿಯುತ್ತೇವೆ. ಇಲ್ಲಿ ಬ್ರಿಟನ್ ಯುರೋಪ್ ಒಕ್ಕೂಟದಿಂದ ಬೇರೆಯಾಗುವುದನ್ನು ನೋಡಿದೆವು. 2021ರ ಜನವರಿ 1ರಿಂದ ಜಾರಿಯಾದ ಬ್ರಿಟನ್–ಯುರೋಪ್ ಒಪ್ಪಂದದಲ್ಲಿ ಮೂಲದ ನಿಯಮ ಪಾಲಿಸಿದ ಸರಕಿಗೆ ಸುಂಕವೂ ಇಲ್ಲ, ಇಷ್ಟೇ ಕಳಿಸಬೇಕೆಂಬ ಮಿತಿಯೂ ಇಲ್ಲ. ಹಿಂದಿನ ದಿನವೂ ಸುಂಕ ಸೊನ್ನೆಯೇ ಇತ್ತು. ಬದಲಾದದ್ದು ಬೇರೆ. ಪ್ರತಿ ಸರಕಿಗೂ ಕಸ್ಟಮ್ಸ್ ಘೋಷಣೆ, ಮೂಲದ ದಾಖಲೆ, ಪ್ರಾಣಿಮೂಲದ ವಸ್ತುವಾದರೆ ಪಶುವೈದ್ಯರ ಪ್ರಮಾಣಪತ್ರ ಬೇಕಾಯಿತು. ದೊಡ್ಡ ರಫ್ತುದಾರರು ಜನರನ್ನಿಟ್ಟುಕೊಂಡು ನಿಭಾಯಿಸಿದರು. ಸಾವಿರಾರು ಸಣ್ಣ ರಫ್ತುದಾರರು ಯುರೋಪಿಗೆ ಮಾರುವುದನ್ನೇ ಬಿಟ್ಟರು. ಏಕ ಮಾರುಕಟ್ಟೆ ಇಷ್ಟು ದಿನ ಯಾರಿಗೆ ಆಸರೆಯಾಗಿತ್ತು ಎಂಬುದು ಅದು ಹೋದ ಮೇಲೆ ಸ್ಪಷ್ಟವಾಯಿತು.

ಈ ಹೊರೆ ಇಳಿಸುವ ದಾರಿಗಳೂ ಇವೆ. ನನಗೆ ತುಂಬಾ ಇಷ್ಟವಾದದ್ದು ಪೂರ್ವ ಆಫ್ರಿಕಾದ್ದು. ಪೂರ್ವ ಆಫ್ರಿಕಾ ಸಮುದಾಯ ಎಂಬ ಅಲ್ಲಿನ ದೇಶಗಳ ಒಕ್ಕೂಟದಲ್ಲಿ 2,000 ಡಾಲರ್ ಒಳಗಿನ ಸರಕಿಗೆ ಸರಳ ಪ್ರಮಾಣಪತ್ರ ಇದೆ. ಪಟ್ಟಿಯಲ್ಲಿರುವ ಸರಕಾದರೆ ಗಡಿಯಲ್ಲೇ ಅದನ್ನು ಪಡೆಯಬಹುದು. ತಲೆಹೊರೆ, ಸೈಕಲ್ ಹೊರೆಯಲ್ಲಿ ಗಡಿ ದಾಟಿಸಿ ಮಾರುವವರನ್ನು, ಅವರಲ್ಲಿ ತುಂಬಾ ಜನ ಹೆಂಗಸರು, ನೆನಪಿಟ್ಟುಕೊಂಡು ಮಾಡಿದ ನಿಯಮ ಅದು. ಜಾಂಬಿಯಾ–ಜಿಂಬಾಬ್ವೆ ನಡುವಿನ ಚಿರುಂಡುವಿನಲ್ಲಿ 2009ರಲ್ಲಿ ‘ಒಂದೇ ನಿಲುಗಡೆ’ ಗಡಿ ಠಾಣೆ ಬಂತು, ಆಫ್ರಿಕಾದಲ್ಲಿ ಅದೇ ಮೊದಲನೆಯದು. ಎರಡೂ ದೇಶಗಳ ಅಧಿಕಾರಿಗಳು ಒಂದೇ ಕಡೆ ಕೂತು ತಪಾಸಣೆ ಮಾಡುತ್ತಾರೆ, ಎರಡೆರಡು ಸಲ ಸಾಲು ನಿಲ್ಲುವುದು ತಪ್ಪುತ್ತದೆ. ದಿನ ಉಳಿದರೆ ಸಣ್ಣವರಿಗೆ ದುಡಿಯುವ ಬಂಡವಾಳ ಉಳಿದಂತೆ. ಅಮೆರಿಕ–ಮೆಕ್ಸಿಕೊ–ಕೆನಡಾ ಒಪ್ಪಂದದಲ್ಲಿ ಮೂಲದ ಪ್ರಮಾಣಪತ್ರಕ್ಕೆ ನಿಗದಿತ ನಮೂನೆಯೇ ಇಲ್ಲ. ಬೇಕಾದ ವಿವರಗಳನ್ನು ತಯಾರಕ, ರಫ್ತುದಾರ, ಆಮದುದಾರ ಇವರಲ್ಲಿ ಯಾರಾದರೂ ತಾವೇ ಬರೆದುಕೊಟ್ಟರೆ ಸಾಕು. 1,000 ಡಾಲರ್ ಒಳಗಿನ ಸರಕಿಗೆ ಸಾಮಾನ್ಯವಾಗಿ ಅದೂ ಬೇಡ.

ಏಷ್ಯಾ–ಪೆಸಿಫಿಕ್ ಭಾಗದ 15 ದೇಶಗಳು ಸೇರಿ ಮಾಡಿಕೊಂಡ ಆರ್‌ಸೆಪ್ ಒಪ್ಪಂದ 2022ರಲ್ಲಿ ಜಾರಿಗೆ ಬಂತು. ಅದರಲ್ಲಿ ಇನ್ನೊಂದು ಅನುಕೂಲ ಇದೆ. ಒಂದು ಸದಸ್ಯ ದೇಶದ ಬಿಡಿಭಾಗವನ್ನು ಇನ್ನೊಂದು ಸದಸ್ಯ ದೇಶದವರು ಬಳಸಿದರೆ ಅದೂ ‘ಒಳಗಿನದು’ ಎಂದೇ ಲೆಕ್ಕ. ಬೇರೆ ಬೇರೆ ಒಪ್ಪಂದಗಳ ಬೇರೆ ಬೇರೆ ನಿಯಮ ಓದಿ ತಲೆ ಕೆಡಿಸಿಕೊಳ್ಳುವ ಕೆಲಸ ಸ್ವಲ್ಪ ಕಡಿಮೆಯಾಗುತ್ತದೆ.

ಇನ್ನು ಗುಣಮಟ್ಟದ ನಿಯಮಗಳು. ನನ್ನ ಪ್ರಕಾರ ಸಣ್ಣ ಉದ್ದಿಮೆಗೆ ಸುಂಕಕ್ಕಿಂತ ದೊಡ್ಡ ಗೋಡೆ ಇದೇ. ಹತ್ತು ದೇಶ, ಹತ್ತು ಲೇಬಲ್, ಹತ್ತು ಲ್ಯಾಬ್ ಪರೀಕ್ಷೆ ಎಂದರೆ ಸಣ್ಣವರು ಹತ್ತರಲ್ಲಿ ಒಂಬತ್ತನ್ನು ಕೈಬಿಡುತ್ತಾರೆ, ಅಲ್ವಾ? ಯುರೋಪಿನಲ್ಲಿ ಈ ಗೋಡೆ ಒಡೆದದ್ದು ಒಂದು ಮೊಕದ್ದಮೆ. ಫ್ರಾನ್ಸಿನ ಕಸ್ಸಿಸ್ ಎಂಬ ಹಣ್ಣಿನ ಮದ್ಯವನ್ನು ಜರ್ಮನಿಯ ಕಂಪನಿಯೊಂದು ತರಿಸಿ ಮಾರಲು ಹೊರಟಿತು. ಅದರಲ್ಲಿ ಆಲ್ಕೋಹಾಲ್ ಶೇ 15ರಿಂದ 20. ಜರ್ಮನಿಯ ಕಾನೂನಿನಂತೆ ಅಂಥ ಮದ್ಯದಲ್ಲಿ ಕನಿಷ್ಠ ಶೇ 25 ಇರಬೇಕಿತ್ತು. ಸುಂಕ ಇರಲಿಲ್ಲ, ನಿಷೇಧ ಅಂತಲೂ ಇರಲಿಲ್ಲ, ಆದರೂ ಮಾರುವ ಹಾಗಿರಲಿಲ್ಲ. 1979ರಲ್ಲಿ ಯುರೋಪಿನ ನ್ಯಾಯಾಲಯ ತೀರ್ಪು ಕೊಟ್ಟಿತು. ಒಂದು ಸದಸ್ಯ ದೇಶದಲ್ಲಿ ಕಾನೂನುಬದ್ಧವಾಗಿ ತಯಾರಾಗಿ ಮಾರಾಟವಾಗುತ್ತಿರುವ ವಸ್ತುವನ್ನು ಇನ್ನೊಂದು ಸದಸ್ಯ ದೇಶ ಬಲವಾದ ಕಾರಣ ಇಲ್ಲದೆ ತಡೆಯುವಂತಿಲ್ಲ. ಇದನ್ನೇ ಪರಸ್ಪರ ಮಾನ್ಯತೆ ಎನ್ನುತ್ತಾರೆ. ಎಲ್ಲ ದೇಶಗಳೂ ಕೂತು ಪ್ರತಿ ವಸ್ತುವಿಗೂ ಒಂದೇ ನಿಯಮ ಬರೆಯುವವರೆಗೆ ಕಾಯಬೇಕಿಲ್ಲ. ನಿನ್ನ ಪರೀಕ್ಷೆಯನ್ನು ನಾನು ನಂಬುತ್ತೇನೆ, ನನ್ನದನ್ನು ನೀನು ನಂಬು. ಒಂದು ಸಲ ಮಾಡಿಸಿದ ಪರೀಕ್ಷೆ ಎಲ್ಲ ಕಡೆ ನಡೆಯುತ್ತದೆ ಎಂದರೆ ಸಣ್ಣ ತಯಾರಕನಿಗೆ ಅದಕ್ಕಿಂತ ದೊಡ್ಡ ರಿಯಾಯಿತಿ ಬೇರೆ ಇಲ್ಲ.

ಅಷ್ಟಾದರೂ ಯುರೋಪಿನಲ್ಲೇ ಈ ಕೆಲಸ ಮುಗಿದಿಲ್ಲ. ಪ್ಯಾಕಿಂಗ್ ತ್ಯಾಜ್ಯದ ಹೊಣೆಯನ್ನೇ ನೋಡಿ. ಆನ್‌ಲೈನ್‌ನಲ್ಲಿ ಬೇರೆ ಬೇರೆ ಸದಸ್ಯ ದೇಶಗಳಿಗೆ ನೇರವಾಗಿ ಮಾರುವ ಸಣ್ಣ ವ್ಯಾಪಾರಿ ಒಂದೊಂದು ದೇಶದ ಯೋಜನೆಯಲ್ಲೂ ಬೇರೆ ಬೇರೆಯಾಗಿ ನೋಂದಾಯಿಸಿಕೊಂಡು, ತನ್ನ ರಟ್ಟಿನ ಪೆಟ್ಟಿಗೆಗಳ ತೂಕ ವರದಿ ಮಾಡಿ, ಶುಲ್ಕ ಕಟ್ಟಬೇಕಾಗಿ ಬಂದಿದೆ. ಪರಿಸರದ ಉದ್ದೇಶವನ್ನು ಯಾರೂ ತಪ್ಪೆನ್ನಲಾರರು. ಆದರೆ ವರ್ಷಕ್ಕೆ ಇಪ್ಪತ್ತು ಪಾರ್ಸೆಲ್ ಕಳಿಸುವವನಿಗೂ ಅದೇ ವಿಧಿ ಎಂದರೆ ಅವನು ಆ ದೇಶವನ್ನು ತನ್ನ ಪಟ್ಟಿಯಿಂದಲೇ ತೆಗೆದುಹಾಕುತ್ತಾನೆ.

ತೆರಿಗೆಯ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಅದರಲ್ಲಿ ನಿಮ್ಮಂಥವರಿಗೆ ಭರವಸೆಯೂ ಇದೆ. 2015ರ ಜನವರಿ 1ರಿಂದ ಯುರೋಪಿನಲ್ಲಿ ಒಂದು ಬದಲಾವಣೆ ಬಂತು. ಇ-ಪುಸ್ತಕ, ಸಾಫ್ಟ್‌ವೇರ್‌ನಂಥ ಡಿಜಿಟಲ್ ವಸ್ತುಗಳನ್ನು ಗ್ರಾಹಕರಿಗೆ ಮಾರಿದರೆ, ಮಾರುವವನ ದೇಶದ ಬದಲು ಕೊಳ್ಳುವವನ ದೇಶದ ವ್ಯಾಟ್ ಕಟ್ಟಬೇಕು. ಕಡಿಮೆ ತೆರಿಗೆಯ ದೇಶದಲ್ಲಿ ಕಚೇರಿ ಇಟ್ಟು ಎಲ್ಲ ಕಡೆ ಮಾರುತ್ತಿದ್ದ ದೈತ್ಯ ಕಂಪನಿಗಳನ್ನು ಹಿಡಿಯಲು ಮಾಡಿದ ನಿಯಮ ಅದು. ಆದರೆ ಇಷ್ಟು ವಹಿವಾಟಿನ ಒಳಗಿದ್ದವರಿಗೆ ಬೇಡ ಎಂಬ ಮಿತಿಯನ್ನೇ ಇಡಲಿಲ್ಲ. ಬ್ರಿಟನ್‌ನಲ್ಲಿ ಆಗ ವರ್ಷಕ್ಕೆ 81,000 ಪೌಂಡ್‌ವರೆಗೆ ವಹಿವಾಟು ಇದ್ದವರು ವ್ಯಾಟ್‌ಗೆ ನೋಂದಾಯಿಸಿಕೊಳ್ಳಲೇಬೇಕಿರಲಿಲ್ಲ. ಮನೆಯಲ್ಲಿ ಕೂತು ಹೊಲಿಗೆಯ ನಕ್ಷೆ ಮಾಡಿ ಫೈಲ್ ಮಾರುತ್ತಿದ್ದವರು ಇದ್ದಕ್ಕಿದ್ದಂತೆ ಪ್ರತಿ ಗ್ರಾಹಕನೂ ಯಾವ ದೇಶದವನು ಎಂಬುದಕ್ಕೆ ಎರಡು ಸಾಕ್ಷ್ಯ ಸಂಗ್ರಹಿಸಿ, ದಾಖಲೆಗಳನ್ನು ಹತ್ತು ವರ್ಷ ಇಟ್ಟುಕೊಳ್ಳಬೇಕಾಯಿತು. ಎಲ್ಲ ದೇಶಗಳ ತೆರಿಗೆಯನ್ನೂ ಒಂದೇ ಕಡೆ ಕಟ್ಟುವ ವ್ಯವಸ್ಥೆ ಇತ್ತು ನಿಜ, ಆದರೆ ಹೊರೆ ಹೊರೆಯೇ. ಕೆಲವರು ಬೇರೆ ದೇಶಗಳಿಗೆ ಮಾರುವುದನ್ನೇ ನಿಲ್ಲಿಸಿದರು.

ಉಳಿದವರು ಒಟ್ಟಾದರು. ಅತಿ ಸಣ್ಣ ವ್ಯಾಪಾರಿಗಳೇ ಸೇರಿ ಅರ್ಜಿ ಹಾಕಿದರು, ಅಧಿಕಾರಿಗಳನ್ನು ಭೇಟಿ ಮಾಡಿ ತಮ್ಮ ದಿನನಿತ್ಯದ ಕಷ್ಟವನ್ನು ಲೆಕ್ಕದ ಸಮೇತ ಮುಂದಿಟ್ಟರು. 2019ರ ಜನವರಿಯಿಂದ ವರ್ಷಕ್ಕೆ 10,000 ಯೂರೋ ಮಿತಿ ಬಂತು. ಗಡಿಯಾಚೆಯ ಮಾರಾಟ ಅದರೊಳಗೆ ಇದ್ದರೆ ತಮ್ಮ ದೇಶದ ತೆರಿಗೆ ನಿಯಮವೇ ಸಾಕು. 2021ರ ಜುಲೈಯಿಂದ ಪಾರ್ಸೆಲ್‌ನಲ್ಲಿ ಕಳಿಸುವ ಸರಕಿಗೂ ಅದೇ ಮಿತಿ, ಅದೇ ಒಂದೇ ಕಡೆ ತೆರಿಗೆ ಕಟ್ಟುವ ವ್ಯವಸ್ಥೆ ವಿಸ್ತರಿಸಿತು. ಸಣ್ಣವರು ದನಿ ಎತ್ತಿದರೆ ನಿಯಮ ಬದಲಾಗುತ್ತದೆ. ಆದರೆ ಬದಲಾಗುವ ಹೊತ್ತಿಗೆ ನಾಲ್ಕು ವರ್ಷ ಹೋಗಿತ್ತು. ಕರಡು ಇರುವಾಗಲೇ ಮಾತಾಡಬೇಕು ಎಂದು ನಾನು ಮತ್ತೆ ಮತ್ತೆ ಹೇಳುವುದು ಈ ಕಾರಣಕ್ಕೆ.

ಹಣ ಬರುವ ದಾರಿಯ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಸಣ್ಣ ಮೊತ್ತವನ್ನು ಗಡಿಯಾಚೆಯಿಂದ ತರಿಸಿಕೊಳ್ಳುವಾಗ ಬ್ಯಾಂಕ್ ಶುಲ್ಕ, ನಾಣ್ಯ ಬದಲಾವಣೆಯ ಕಡಿತ ಎರಡೂ ಸೇರಿ ಲಾಭವನ್ನೇ ತಿಂದುಹಾಕಬಹುದು. ಯೂರೋದಲ್ಲಿ ಮಾಡುವ ಗಡಿಯಾಚೆಯ ಪಾವತಿಗೆ ದೇಶದೊಳಗಿನ ಪಾವತಿಯಷ್ಟೇ ಶುಲ್ಕ ಹಾಕಬೇಕು ಎಂಬ ನಿಯಮವನ್ನು ಯುರೋಪು 2001ರಲ್ಲೇ ತಂದಿತು. 2021ರಲ್ಲಿ ಮೊಬೈಲ್ ಪಾವತಿ ವ್ಯವಸ್ಥೆಗಳಾದ ಸಿಂಗಪುರದ ಪೇನೌ ಮತ್ತು ಥಾಯ್ಲೆಂಡಿನ ಪ್ರಾಂಪ್ಟ್‌ಪೇ ಜೋಡಿಸಿಕೊಂಡವು. ಮೊಬೈಲ್ ನಂಬರ್ ಇದ್ದರೆ ಸಾಕು, ಹಣ ಗಡಿ ದಾಟುತ್ತದೆ. ಆಫ್ರಿಕಾದಲ್ಲಿ 2022ರಲ್ಲಿ ಶುರುವಾದ ಪ್ಯಾಪ್ಸ್ ಎಂಬ ವ್ಯವಸ್ಥೆಯ ಗುರಿ, ಡಾಲರಿಗೆ ಬದಲಾಯಿಸದೆ ನೇರವಾಗಿ ತಂತಮ್ಮ ನಾಣ್ಯದಲ್ಲೇ ಪಾವತಿ ಮಾಡುವುದು. ವ್ಯಾಪಾರ ಒಪ್ಪಂದದ ಸುದ್ದಿಯಷ್ಟು ಇವು ಸದ್ದು ಮಾಡುವುದಿಲ್ಲ. ಸಣ್ಣ ವ್ಯಾಪಾರಿಗೆ ಮಾತ್ರ ಇವೇ ಹೆಚ್ಚು ಕೆಲಸಕ್ಕೆ ಬರುತ್ತವೆ.

ಈಗ ನಿಮ್ಮ ಎರಡನೆಯ ಆತಂಕಕ್ಕೆ ಬರೋಣ. ದೊಡ್ಡವರು ಬಂದು ಮುಗಿಸುತ್ತಾರಾ? ಪೈಪೋಟಿ ಬಂದೇ ಬರುತ್ತದೆ. ಇದನ್ನು ಯಾರಾದರೂ ಅಲ್ಲಗಳೆದರೆ ನಂಬಬೇಡಿ. ಕೆನಡಾ–ಅಮೆರಿಕ ಮುಕ್ತ ವ್ಯಾಪಾರ ಒಪ್ಪಂದ 1989ರಲ್ಲಿ ಜಾರಿಯಾಯಿತು. ಅದರ ಪರಿಣಾಮವನ್ನು ಅರ್ಥಶಾಸ್ತ್ರಜ್ಞ ಡೇನಿಯಲ್ ಟ್ರೆಫ್ಲರ್ ಕಾರ್ಖಾನೆಗಳ ಮಟ್ಟದಲ್ಲಿ ಲೆಕ್ಕ ಹಾಕಿದರು. ಆಮದಿನ ಜೊತೆ ಪೈಪೋಟಿ ಮಾಡುತ್ತಿದ್ದ, ಸುಂಕ ಅತಿ ಹೆಚ್ಚು ಇಳಿದ ಕೆನಡಾದ ಉದ್ದಿಮೆಗಳಲ್ಲಿ ಉದ್ಯೋಗ ಶೇ 12 ಕುಸಿಯಿತು. ಅದೇ ಉದ್ದಿಮೆಗಳಲ್ಲಿ ಒಬ್ಬ ಕೆಲಸಗಾರನ ಸರಾಸರಿ ಉತ್ಪಾದನೆ ಶೇ 15 ಏರಿತು. ಎರಡನೆಯ ಅಂಕಿಯನ್ನು ನೋಡಿ ಖುಷಿಪಡುವ ಮೊದಲು ಒಂದು ವಿಷಯ ಗಮನಿಸಿ. ಆ ಏರಿಕೆಯ ದೊಡ್ಡ ಪಾಲು ಬಂದದ್ದು ದುರ್ಬಲ ಘಟಕಗಳು ಕುಗ್ಗಿದ್ದರಿಂದ, ಮುಚ್ಚಿದ್ದರಿಂದ. ಸರಾಸರಿ ಏರಿತು, ಆದರೆ ಮುಚ್ಚಿದ ಘಟಕದ ಮಾಲೀಕನಿಗೂ ಕೆಲಸ ಕಳೆದುಕೊಂಡವನಿಗೂ ಅದರಿಂದ ಏನೂ ಸಿಗಲಿಲ್ಲ. ದೇಶಕ್ಕೆ ಒಟ್ಟಾರೆ ಒಳ್ಳೆಯದಾಯಿತು ಎಂಬ ವಾಕ್ಯ ಓದುವಾಗಲೆಲ್ಲ ಇವರು ನನ್ನ ಕಣ್ಣಮುಂದೆ ಬರುತ್ತಾರೆ.

ಅದೇ ಕೆನಡಾದಿಂದ ಇನ್ನೊಂದು ಮಾಹಿತಿಯೂ ಇದೆ. ಅಮೆರಿಕ ಸುಂಕ ಇಳಿಸಿದ ಮೇಲೆ ಮೊದಲ ಬಾರಿಗೆ ರಫ್ತಿಗೆ ಇಳಿದ ಕಾರ್ಖಾನೆಗಳಲ್ಲಿ ತುಂಬಾ ಚುರುಕಲ್ಲದ ಕೆಲವು ಸಣ್ಣವೂ ಇದ್ದವು. ಅವು ರಫ್ತಿನ ಆಸೆಗೆ ಹೊಸ ಯಂತ್ರ ತಂದವು, ಹೊಸ ಉತ್ಪನ್ನ ಮಾಡಿದವು, ಅದರಿಂದ ಚುರುಕಾದವು. ಮೊದಲು ಬಲಶಾಲಿಯಾಗಿ ಆಮೇಲೆ ರಫ್ತು ಮಾಡುವುದು ಒಂದು ದಾರಿ. ರಫ್ತಿನ ಅವಕಾಶ ಸಿಕ್ಕಿತೆಂದು ಬಲ ತಂದುಕೊಳ್ಳುವುದು ಇನ್ನೊಂದು. ಎರಡನೆಯದು ನಡೆಯಬೇಕಾದರೆ ಆ ಹೊತ್ತಿಗೆ ಸಾಲ ಸಿಗಬೇಕು. ಒಪ್ಪಂದ ಮಾಡಿ, ಸಣ್ಣವರಿಗೆ ಬ್ಯಾಂಕಿನ ಬಾಗಿಲು ಮುಚ್ಚಿಟ್ಟರೆ ಪೈಪೋಟಿ ಮಾತ್ರ ಒಳಗೆ ಬರುತ್ತದೆ, ಅವಕಾಶ ಹೊರಗೇ ನಿಲ್ಲುತ್ತದೆ.

ಜಾಗದ ಪ್ರಶ್ನೆಯೂ ಇದೆ. ಗಡಿ ಸರಿದಾಗ ಬಂಡವಾಳ ಈಗಾಗಲೇ ಜನ, ರಸ್ತೆ, ಬಂದರು, ಗ್ರಾಹಕರು ಇರುವ ಕಡೆಗೇ ಹರಿಯುವ ಸಾಧ್ಯತೆ ಜಾಸ್ತಿ. ಅರ್ಥಶಾಸ್ತ್ರಜ್ಞ ಪಾಲ್ ಕ್ರುಗ್ಮನ್ 1991ರಲ್ಲಿ ಇದನ್ನು ಮಾದರಿ ಕಟ್ಟಿ ತೋರಿಸಿದರು. ಯುರೋಪು 1975ರಿಂದಲೇ ಹಿಂದುಳಿದ ಭಾಗಗಳಿಗೆ ಪ್ರಾದೇಶಿಕ ಅಭಿವೃದ್ಧಿ ನಿಧಿ ಇಟ್ಟುಕೊಂಡಿದೆ. ಇಂಥ ನಿಧಿ ಇಲ್ಲದ ಒಕ್ಕೂಟಗಳಲ್ಲಿ ಅಂಚಿನ ಊರುಗಳ ಘಟಕಗಳು ಹೆಚ್ಚು ಎಚ್ಚರದಿಂದ ಇರಬೇಕು.

ಹೆಚ್ಚಿನ ಸಣ್ಣ ಉದ್ದಿಮೆಗಳು ರಫ್ತು ಮಾಡುವುದೇ ಇಲ್ಲ. ಹಾಗಾಗಿ ‘ನನಗೂ ಇದಕ್ಕೂ ಸಂಬಂಧ ಇಲ್ಲ’ ಎಂದು ಅಂದುಕೊಳ್ಳುತ್ತಾರೆ. ಸಂಬಂಧ ಕಚ್ಚಾ ಮಾಲಿನಲ್ಲಿ ಇರುತ್ತದೆ. ಒಳಗಿನ ದೇಶದಿಂದ ಬರುವ ಮಾಲು ಅಗ್ಗವಾದರೆ ಲಾಭ. ಆದರೆ ಸುಂಕ ಒಕ್ಕೂಟವಾದರೆ ಹೊರಗಿನ ಮಾಲಿಗೆ ಎಲ್ಲರದ್ದೂ ಒಂದೇ ಸುಂಕ, ಅದು ನಿಮ್ಮ ದೇಶದ ಹಳೆಯ ಸುಂಕಕ್ಕಿಂತ ಜಾಸ್ತಿಯೂ ಇರಬಹುದು. ಆಗ ಹೊರಗಿನ ಅಗ್ಗದ, ಒಳ್ಳೆಯ ಮಾಲು ಬಿಟ್ಟು ಒಳಗಿನ ದುಬಾರಿ ಮಾಲು ಕೊಳ್ಳಬೇಕಾಗುತ್ತದೆ. ಅರ್ಥಶಾಸ್ತ್ರಜ್ಞ ಜೇಕಬ್ ವೈನರ್ 1950ರಲ್ಲೇ ಹೇಳಿದ ಮಾತು ಇದು. ಇಂಥ ಒಕ್ಕೂಟ ಹೊಸ ವ್ಯಾಪಾರ ಹುಟ್ಟಿಸಲೂಬಹುದು, ಇದ್ದ ವ್ಯಾಪಾರವನ್ನು ದುಬಾರಿ ಕಡೆಗೆ ತಿರುಗಿಸಲೂಬಹುದು. ಪೂರ್ವ ಆಫ್ರಿಕಾ ಸಮುದಾಯದ ಹೊರಸುಂಕ 2005ರಲ್ಲಿ ಶೇ 0, 10, 25 ಎಂದು ಮೂರು ಹಂತದಲ್ಲಿ ಶುರುವಾಯಿತು. 2022ರ ಜುಲೈಯಿಂದ ಜವಳಿ, ಪೀಠೋಪಕರಣ, ಚರ್ಮದ ವಸ್ತುಗಳಂಥ ಕೆಲವಕ್ಕೆ ಶೇ 35ರ ನಾಲ್ಕನೆಯ ಹಂತ ಬಂತು. ಪೀಠೋಪಕರಣ ಮಾಡುವವನಿಗೆ ಇದು ರಕ್ಷಣೆ. ಅದೇ ಪಟ್ಟಿಯ ವಸ್ತುವನ್ನು ತರಿಸಿ ತನ್ನ ಕೆಲಸಕ್ಕೆ ಬಳಸುವವನಿಗೆ ಹೊಸ ಖರ್ಚು. ಇಬ್ಬರೂ ಸಣ್ಣ ಉದ್ದಿಮೆದಾರರೇ.

ಹಾಗೆಂದು ಎಲ್ಲ ಒಪ್ಪಂದವೂ ಏನನ್ನೋ ಬದಲಾಯಿಸಿಬಿಡುತ್ತದೆ ಎಂದೂ ಇಲ್ಲ. ದಕ್ಷಿಣ ಏಷ್ಯಾದ ಮುಕ್ತ ವ್ಯಾಪಾರ ಒಪ್ಪಂದ ಸಾಫ್ಟಾ 2006ರಿಂದ ಜಾರಿಯಲ್ಲಿದೆ. ಆದರೂ ಆ ದೇಶಗಳ ಒಟ್ಟು ವ್ಯಾಪಾರದಲ್ಲಿ ತಮ್ಮತಮ್ಮೊಳಗಿನ ಪಾಲು ಸುಮಾರು ಶೇ 5ರ ಆಸುಪಾಸಿನಲ್ಲೇ ನಿಂತಿದೆ. ಯುರೋಪಿನಲ್ಲಿ ಅದು ಸುಮಾರು ಶೇ 60. ಸಹಿ ಹಾಕಿದ ಮೇಲೆ ಗಡಿಯಲ್ಲಿ ಲಾರಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದೇ ಕೊನೆಗೆ ಲೆಕ್ಕಕ್ಕೆ ಬರುವುದು.

ನೀವು ಏನು ಮಾಡಬೇಕು ಎಂಬುದಕ್ಕೆ ಬರುತ್ತೇನೆ. ಮೊದಲು ನಿಮ್ಮ ಉತ್ಪನ್ನದ ಮತ್ತು ಮುಖ್ಯ ಕಚ್ಚಾ ಮಾಲುಗಳ ಆರು ಅಂಕಿಯ ಎಚ್‌ಎಸ್ ಕೋಡ್ ಖಚಿತ ಮಾಡಿಕೊಳ್ಳಿ. ಕಸ್ಟಮ್ಸ್‌ನವರು ಪ್ರತಿ ಬಗೆಯ ವಸ್ತುವನ್ನೂ ಗುರುತಿಸುವ ಸಂಖ್ಯೆ ಅದು, ಆರು ಅಂಕಿಯವರೆಗೆ ಬಹುತೇಕ ಇಡೀ ಜಗತ್ತಿಗೆ ಒಂದೇ. ಆ ಕೋಡ್ ಕೈಯಲ್ಲಿಲ್ಲದೆ ಒಪ್ಪಂದ ಓದಿದರೆ ಏನೂ ತಿಳಿಯುವುದಿಲ್ಲ. ಆಮೇಲೆ ಅದು ಯಾವ ಪಟ್ಟಿಯಲ್ಲಿದೆ ನೋಡಿ. ಒಪ್ಪಂದ ಆಯಿತೆಂದರೆ ಮರುದಿನವೇ ಸುಂಕ ಹೋಗುವುದಿಲ್ಲ. ಆಫ್ರಿಕಾದ ಖಂಡವ್ಯಾಪಿ ಒಪ್ಪಂದದಲ್ಲಿ ಶೇ 90ರಷ್ಟು ವಸ್ತುಗಳ ಸುಂಕ ಐದು ವರ್ಷದಲ್ಲಿ, ತೀರಾ ಬಡ ದೇಶಗಳಿಗೆ ಹತ್ತು ವರ್ಷದಲ್ಲಿ ಹೋಗಬೇಕು. ಇನ್ನು ಶೇ 7 ‘ಸೂಕ್ಷ್ಮ’ ಪಟ್ಟಿ, ಅದಕ್ಕೆ ಇನ್ನೂ ಹೆಚ್ಚು ಕಾಲ. ಉಳಿದ ಶೇ 3 ಒಪ್ಪಂದದ ಹೊರಗೆ. ನಿಮ್ಮ ವಸ್ತು ಸೂಕ್ಷ್ಮ ಪಟ್ಟಿಯಲ್ಲಿದ್ದರೆ ಪೈಪೋಟಿಗೆ ಸಿದ್ಧವಾಗಲು ವರ್ಷಗಳು ಸಿಗುತ್ತವೆ. ಮೊದಲ ಪಟ್ಟಿಯಲ್ಲಿದ್ದರೆ ಇವತ್ತೇ ಶುರು ಮಾಡಬೇಕು.

ಆಮೇಲೆ ನೀವು ಮಾರಬೇಕೆಂದಿರುವ ದೇಶ ಒಪ್ಪಂದ ಇಲ್ಲದವರಿಗೆ ಹಾಕುವ ಮಾಮೂಲಿ ಸುಂಕ ಎಷ್ಟು ನೋಡಿ. ಅದು ಶೇ 2ರೋ 3ರೋ ಇದ್ದರೆ ರಿಯಾಯಿತಿಯ ಹಿಂದೆ ಓಡಬೇಡಿ. ಶೇ 15 ಇದ್ದರೆ ಮೂಲದ ನಿಯಮವನ್ನು ಗಮನವಿಟ್ಟು ಓದಿ. ನಿಮ್ಮ ಮಾಲು ಪೂರೈಸುವವರಿಂದ ಮೂಲದ ಬಗ್ಗೆ ಲಿಖಿತ ಹೇಳಿಕೆ ಈಗಿನಿಂದಲೇ ತೆಗೆದಿಟ್ಟುಕೊಳ್ಳಿ. ಕಸ್ಟಮ್ಸ್‌ನವರು ವರ್ಷಗಳ ನಂತರವೂ ದಾಖಲೆ ಕೇಳಬಹುದು. ಆಗ ತೋರಿಸಲಾಗದಿದ್ದರೆ ಬಿಟ್ಟ ಸುಂಕವನ್ನು ದಂಡದ ಸಮೇತ ವಸೂಲಿ ಮಾಡುತ್ತಾರೆ. ಆ ಬಿಲ್ಲು ಬರುವುದು ಸಾಮಾನ್ಯವಾಗಿ ಆಮದುದಾರನಿಗೆ. ಅದರ ಜೊತೆಗೇ ನಿಮ್ಮ ಮೇಲಿನ ಅವನ ನಂಬಿಕೆಯೂ ಹೋಗುತ್ತದೆ.

ನೇರ ರಫ್ತು ಕಷ್ಟ ಎನಿಸಿದರೆ, ಈಗಾಗಲೇ ರಫ್ತು ಮಾಡುತ್ತಿರುವ ದೊಡ್ಡ ಕಂಪನಿಗೆ ಬಿಡಿಭಾಗ ಕೊಡುವುದೂ ಒಂದು ದಾರಿ. ಮೂಲದ ನಿಯಮ ಇಲ್ಲಿ ನಿಮಗೆ ಸಹಾಯಕ್ಕೇ ಬರುತ್ತದೆ, ಏಕೆಂದರೆ ಅವರಿಗೆ ‘ಒಳಗಿನ’ ಪಾಲು ಬೇಕು. ಆದರೆ ಪೇಮೆಂಟ್ ಅವಧಿಯನ್ನು ಮೊದಲೇ ಬರೆಸಿಕೊಳ್ಳಿ. ದೊಡ್ಡವರು ಹಣ ತಡಮಾಡಿ ಸಣ್ಣವರನ್ನು ಸಾಯಿಸುವುದು ಎಲ್ಲ ಕಡೆ ಇದೆ. ಯುರೋಪು 2011ರಲ್ಲಿ ಕಾನೂನು ಮಾಡಿ, ಕಂಪನಿಗಳ ನಡುವೆ ಸಾಮಾನ್ಯವಾಗಿ 60 ದಿನ, ಸರ್ಕಾರಿ ಕಚೇರಿಗಳಿಗೆ 30 ದಿನ ಎಂದು ಗಡುವು ಹಾಕಬೇಕಾಯಿತು. ಒಬ್ಬನೇ ಗಿರಾಕಿಗೆ ನಿಮ್ಮ ಅರ್ಧಕ್ಕಿಂತ ಹೆಚ್ಚು ಮಾಲು ಹೋಗುವ ಹಾಗೆ ಮಾಡಿಕೊಳ್ಳಬೇಡಿ.

ಕೊನೆಯದಾಗಿ, ನಿಮ್ಮ ಉದ್ದಿಮೆ ಸಂಘದ ಮೂಲಕ ಈಗಲೇ ಮಾತಾಡಿ. ಇತ್ತೀಚಿನ ಒಪ್ಪಂದಗಳಲ್ಲಿ ಸಣ್ಣ ಉದ್ದಿಮೆಗಳಿಗೆಂದೇ ಒಂದು ಅಧ್ಯಾಯ ಇರುತ್ತದೆ. ಅಮೆರಿಕ–ಮೆಕ್ಸಿಕೊ–ಕೆನಡಾದ್ದರಲ್ಲೂ ಇದೆ, ಆರ್‌ಸೆಪ್‌ನಲ್ಲೂ ಇದೆ. ಅದನ್ನು ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಆ ಎರಡೂ ಅಧ್ಯಾಯಗಳು ವಿವಾದ ಇತ್ಯರ್ಥದ ವ್ಯವಸ್ಥೆಯ ಹೊರಗಿವೆ. ಯಾರೂ ಪಾಲಿಸದಿದ್ದರೂ ಕೇಳುವ ಹಾಗಿಲ್ಲ. ಮಾಹಿತಿ ಹಂಚಿಕೊಳ್ಳುವುದು, ಸಹಕಾರ ಬೆಳೆಸುವುದು ಎಂಬ ಒಳ್ಳೆಯ ಮಾತುಗಳೇ ಅಲ್ಲಿ ಜಾಸ್ತಿ. ನಿಮ್ಮ ಹಿತ ಇರುವುದು ಬೇರೆ ಅಧ್ಯಾಯಗಳಲ್ಲಿ. ಮೂಲವನ್ನು ತಯಾರಕನೇ ಘೋಷಿಸಬಹುದೇ, ಎಷ್ಟು ಮೊತ್ತದೊಳಗೆ ಕಾಗದವೇ ಬೇಡ, ನಿಮ್ಮ ಲ್ಯಾಬ್ ವರದಿಯನ್ನು ಆ ಕಡೆಯವರು ಒಪ್ಪುತ್ತಾರೆಯೇ, ಗಡಿಯಲ್ಲಿ ಅಡ್ಡಿ ಬಂದರೆ ವಕೀಲರಿಲ್ಲದೆ ದೂರು ಕೊಡುವ ಜಾಗ ಇದೆಯೇ. ಯುರೋಪಿನಲ್ಲಿ 2002ರಿಂದ ಸಾಲ್ವಿಟ್ ಎಂಬ ಉಚಿತ ಸೇವೆ ಈ ಕೊನೆಯ ಕೆಲಸ ಮಾಡುತ್ತಿದೆ. ಇನ್ನೊಂದು ದೇಶದ ಕಚೇರಿ ನಿಯಮವನ್ನು ತಪ್ಪಾಗಿ ಹಾಕಿ ನಿಮ್ಮನ್ನು ತಡೆದರೆ, ನಿಮ್ಮ ದೇಶದ ಸಾಲ್ವಿಟ್ ಕೇಂದ್ರ ಆ ದೇಶದ ಕೇಂದ್ರದ ಜೊತೆ ನೇರವಾಗಿ ಮಾತಾಡಿ ಬಿಡಿಸಲು ನೋಡುತ್ತದೆ. ಇಂಥದ್ದೊಂದು ನಿಮ್ಮ ಒಪ್ಪಂದದಲ್ಲೂ ಬೇಕೆಂದು ಹೆಸರು ಹಿಡಿದು ಕೇಳಿ. ಮಾತುಕತೆಗೆ ಕೂರುವ ಅಧಿಕಾರಿಗಳಿಗೆ ‘ಸಣ್ಣ ಉದ್ದಿಮೆ ಕಾಪಾಡಿ’ ಎಂಬ ಮನವಿಗಿಂತ, ಒಂದು ಸರಕು ಕಳಿಸಲು ನಿಮಗೆ ಯಾವ ಯಾವ ಕಾಗದಕ್ಕೆ ಎಷ್ಟೆಷ್ಟು ಖರ್ಚಾಗುತ್ತದೆ ಎಂಬ ಒಂದು ಪುಟದ ಲೆಕ್ಕ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಆ ಪುಟವನ್ನು ಈ ವಾರವೇ ಬರೆಯಲು ಕೂತುಕೊಳ್ಳಿ.